ಲಕ್ವ ಆದವರ ರಕ್ತದ ರಿಪೋರ್ಟಿನಲ್ಲಿ ಬಿಳಿ ಕಣಗಳ ಲೆಕ್ಕ ಓದುವುದು ಹೇಗೆ

ಲ್ಯಾಬಿನಲ್ಲಿ ರಕ್ತ ನೋಡುವುದೇ 22 ವರ್ಷದಿಂದ ನನ್ನ ಕೆಲಸ. ಆದರೂ ಅಮ್ಮನಿಗೆ ಲಕ್ವ ಹೊಡೆದ ದಿನ ಅವಳ ರಿಪೋರ್ಟ್ ಹಿಡಿದಾಗ ಕೈ ನಡುಗಿತು. ಟೋಟಲ್ ಕೌಂಟ್, ಅಂದರೆ ಬಿಳಿ ಕಣಗಳ ಒಟ್ಟು ಲೆಕ್ಕ, 13,800. ಎರಡು ತಿಂಗಳ ಹಿಂದೆ 7,200 ಇತ್ತು. "ಇನ್ಫೆಕ್ಷನ್ ಆಗಿದೆ ಅಲ್ವಾ? ಆ್ಯಂಟಿಬಯೋಟಿಕ್ ಯಾಕೆ ಕೊಡ್ತಿಲ್ಲ?" ಅಂತ ತಮ್ಮ ಬಿಡದೆ ಕೇಳುತ್ತಿದ್ದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಟೋಟಲ್ ಕೌಂಟ್ ನೋಡಿ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 4,000ದಿಂದ 11,000 ಇದ್ದರೆ ಸರಿ. ಜಾಸ್ತಿ ಕಂಡ ಕೂಡಲೇ ಗಾಬರಿಯಾಗಬೇಡಿ, ಕೆಳಗಿನ ಡಿಫರೆನ್ಷಿಯಲ್ ಕೌಂಟಿಗೆ ಬನ್ನಿ. ಯಾವ ಬಗೆಯ ಬಿಳಿ ಕಣ ನೂರಕ್ಕೆ ಎಷ್ಟು ಅಂತ ಅಲ್ಲಿರುತ್ತದೆ. ಅದರಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡನ್ನು ನೋಡಿದರೆ ಸಾಕು. ಅಮ್ಮನಿಗೆ 84 ಮತ್ತು 11 ಇತ್ತು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಏಳೂವರೆ ದಾಟುತ್ತದೆ. ಹಿಂದಿನ ರಿಪೋರ್ಟಿನಲ್ಲಿ ಎರಡರ ಆಸುಪಾಸು. ಈ ಲೆಕ್ಕ ಜಾಸ್ತಿ ಇದ್ದವರ ಚೇತರಿಕೆ ನಿಧಾನ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ಒಂದು ಅಂಕಿ ಹಿಡಿದು ನಿಮ್ಮವರ ಗತಿ ಇಷ್ಟೇ ಅಂದುಕೊಳ್ಳಬೇಡಿ.

ಇನ್ಫೆಕ್ಷನ್ ಇಲ್ಲದೆಯೂ ಇದು ಏರುವುದೇಕೆ? ರಕ್ತ ಸಿಗದೆ ಮಿದುಳಿನ ಒಂದು ಭಾಗ ಸಾಯುವಾಗ ಮೈಗೆ ಅದೂ ಒಂದು ಗಾಯವೇ. ಕೆಲವೇ ಗಂಟೆಯಲ್ಲಿ ನ್ಯೂಟ್ರೋಫಿಲ್‌ಗಳು ಅಲ್ಲಿಗೆ ಓಡುತ್ತವೆ. ಲೀಶ್‌ಮನ್ ಬಣ್ಣ ಹಾಕಿದ ಸ್ಲೈಡಿನಲ್ಲಿ ಇವನ್ನು ದಿನಾ ನೋಡುತ್ತೇನೆ. ನಡುವೆ ಮೂರು ನಾಲ್ಕು ನೇರಳೆ ಉಂಡೆ, ದಾರದಲ್ಲಿ ಪೋಣಿಸಿದ ಹಾಗೆ. ಸುತ್ತ ಸಣ್ಣ ರವೆಯಂಥ ಕಾಳು. ರೋಗಾಣು ಕೊಲ್ಲುವ ಸಾಮಾನೆಲ್ಲ ಆ ಕಾಳುಗಳಲ್ಲಿದೆ. ಮಿದುಳಿನಲ್ಲಿ ಕೊಲ್ಲಲು ರೋಗಾಣು ಇಲ್ಲ. ಕಾಳುಗಳಿಂದ ಹೊರಬಂದ ಎಂಎಂಪಿ-9 ಎಂಬ ಕಿಣ್ವ ಅಲ್ಲಿನ ರಕ್ತನಾಳದ ಗೋಡೆಯನ್ನೇ ಕೊರೆಯುತ್ತದೆ. ನೀರು ಸೋರಿ ಬಾವು ಬರುತ್ತದೆ, ಕೆಲವೊಮ್ಮೆ ರಕ್ತವೂ ಸೋರುತ್ತದೆ. ಕೆಲವು ಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಬೀಸುತ್ತವೆ, ಆ ಬಲೆಯಲ್ಲಿ ಮತ್ತೆ ರಕ್ತ ಗರಣೆ ಕಟ್ಟುತ್ತದೆ. ಮೊದಲ ಮೂರು ದಿನ ಈ ಹಾವಳಿ ಜಾಸ್ತಿ. ಆಮೇಲೆ ಮಾನೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ಬಂದು ಸತ್ತದ್ದನ್ನು ತಿಂದು ಜಾಗ ಚೊಕ್ಕ ಮಾಡುತ್ತವೆ.

ಹಾಗಾದರೆ ಬಿಳಿ ಕಣಗಳನ್ನು ತಡೆದರಾಯಿತಲ್ಲ ಅಂತ ತಮ್ಮ ಕೇಳಿದ. ಅದನ್ನೂ ಮಾಡಿ ನೋಡಿದ್ದಾರೆ. ಅವು ಮಿದುಳಿಗೆ ನುಗ್ಗದಂತೆ ತಡೆಯುವ ಎನ್ಲಿಮೋಮ್ಯಾಬ್ ಎಂಬ ಔಷಧಿಯ ಪ್ರಯೋಗ 625 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾಯಿತು. ಔಷಧಿ ಪಡೆದವರ ಸ್ಥಿತಿಯೇ ಇನ್ನಷ್ಟು ಕೆಟ್ಟಿತ್ತು. ಜ್ವರ, ಇನ್ಫೆಕ್ಷನ್ ಕೂಡ ಅವರಲ್ಲೇ ಜಾಸ್ತಿ.

ಈಗ ಲಿಂಫೋಸೈಟ್. ನಿಮ್ಮ ಕೈಲಾಗುವ ಕೆಲಸ ಇರುವುದು ಇಲ್ಲಿ. ಮಿದುಳಿಗೆ ಪೆಟ್ಟು ಬಿದ್ದಾಗ ಈ ಕಣಗಳು ಇಳಿದು ಮೈಯ ಕಾವಲು ಸಡಿಲವಾಗುತ್ತದೆ. ನುಂಗುವ ಶಕ್ತಿಯೂ ಕೆಟ್ಟಿದ್ದರೆ ಊಟ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂರನೇ ದಿನ ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ನೋಡಲು ಬಂದ ನೆಂಟರೊಬ್ಬರು ಪಾಪ, ಹಸಿದಿರಬಹುದು ಅಂತ ಮಲಗಿದ್ದ ಅಮ್ಮನಿಗೆ ನಾಲ್ಕು ಚಮಚ ಗಂಜಿ ಕುಡಿಸಿದರು. ನಾನು ಬಂದಾಗ ಗಂಟಲಲ್ಲಿ ಗೊರಗೊರ ಸದ್ದು. ಮರುದಿನ ಸಂಜೆ 101 ಡಿಗ್ರಿ ಜ್ವರ, ಕೌಂಟ್ 17,400, ನ್ಯುಮೋನಿಯ. ಆಗ ಆ್ಯಂಟಿಬಯೋಟಿಕ್ ಬೇಕೇ ಬೇಕಾಯಿತು.

ಅದಕ್ಕೇ ಹೇಳುತ್ತೇನೆ. ನುಂಗುವ ಪರೀಕ್ಷೆ ಆಗುವವರೆಗೆ ನೀರು, ಮಾತ್ರೆ ಕೂಡ ಬಾಯಿಗೆ ಬೇಡ. ಮಂಚದ ತಲೆಭಾಗ ಎಷ್ಟು ಎತ್ತಬೇಕು ಅಂತ ನರ್ಸನ್ನು ಕೇಳಿ. ಬಾಯಿ ಚೊಕ್ಕ ಇಡಿ. ಜ್ವರ 99.5 ಮುಟ್ಟಿದರೆ ಕೂಡಲೇ ತಿಳಿಸಿ. ಆಸ್ಟ್ರೇಲಿಯಾದಲ್ಲಿ ನರ್ಸುಗಳು ಜ್ವರ, ಸಕ್ಕರೆ, ನುಂಗುವಿಕೆ ಈ ಮೂರನ್ನು ಕಟ್ಟುನಿಟ್ಟಾಗಿ ನೋಡಿಕೊಂಡದ್ದರಿಂದಲೇ ಸಾವು, ಪರಾವಲಂಬನೆ ಕಡಿಮೆಯಾಗಿದ್ದು 2011ರ ಅಧ್ಯಯನದಲ್ಲಿದೆ. ಆದರೆ ನೆದರ್‌ಲ್ಯಾಂಡ್ಸಿನಲ್ಲಿ ಸುಮಾರು 2,500 ರೋಗಿಗಳ ಪ್ರಯೋಗದಲ್ಲಿ, ಮುನ್ನೆಚ್ಚರಿಕೆಗೆಂದು ಕೊಟ್ಟ ಆ್ಯಂಟಿಬಯೋಟಿಕ್‌ನಿಂದ ಚೇತರಿಕೆ ಹೆಚ್ಚಲಿಲ್ಲ. ಸುಮ್ನೆ ಅದಕ್ಕಾಗಿ ಡಾಕ್ಟರನ್ನು ಒತ್ತಾಯಿಸಬೇಡಿ.

ಒಂದು ನೋಟ್‌ಬುಕ್ ಇಡಿ. ತಾರೀಕು, ಟೋಟಲ್ ಕೌಂಟ್, ನ್ಯೂಟ್ರೋಫಿಲ್, ಲಿಂಫೋಸೈಟ್, ಜ್ವರ, ಕೆಮ್ಮು. ಸ್ಟೀರಾಯ್ಡ್ ಕೊಟ್ಟಿದ್ದರೆ ಅದನ್ನೂ ಬರೆಯಿರಿ, ಅದರಿಂದಲೂ ಕೌಂಟ್ ಏರುತ್ತದೆ. ಮೊದಲ ಏರಿಕೆ ಇಳಿದು, ಜ್ವರದ ಜೊತೆ ಮತ್ತೆ ಏರಿದರೆ ರೌಂಡ್ಸಿಗೆ ಕಾಯದೆ ಆ ಪುಟ ಹಿಡಿದು ಡ್ಯೂಟಿ ಡಾಕ್ಟರ್ ಹತ್ತಿರ ಹೋಗಿ.