ಲಾಳ ಸರಿಯಾಗಿ ಕಟ್ಟಿದ್ದಾರೆಯೇ? ಕುದುರೆ ಮಾಲೀಕರು ನೋಡಬೇಕಾದದ್ದು

ವಿಜಯಪುರದ ಗೋಳಗುಮ್ಮಟದ ಹೊರಗೆ ಪ್ರವಾಸಿಗರಿಗಾಗಿ ಕಾಯುವ ಟಾಂಗಾ ಕುದುರೆಯಿರಲಿ, ಬೆಳಗಾವಿ ಕಡೆಯ ಜಾತ್ರೆಗಳಲ್ಲಿ ಗಾಡಿ ಶರ್ಯತ್ತಿಗೆ ಇಳಿಯುವ ಕುದುರೆಯಿರಲಿ, ಮದುವೆ ಮೆರವಣಿಗೆಗೆ ಬಾಡಿಗೆ ಹೋಗುವ ಬಿಳಿ ಕುದುರೆಯಿರಲಿ, ದುಡಿಮೆಯೆಲ್ಲ ನಾಲ್ಕು ಗೊರಸಿನ ಮೇಲೆ. ಹೊಟ್ಟು, ಹುರುಳಿ, ಜೀನು, ಗೆಜ್ಜೆ ಎಲ್ಲವನ್ನೂ ಹತ್ತು ಸಲ ನೋಡಿ ತರುವ ಮಾಲೀಕರು ಲಾಳದ ಮಾತು ಬಂದಾಗ ಮಾತ್ರ ‘ನಾಲು ಬಡಿಸೀನ್ರಿ, ಗಟ್ಟಿ ಕುಂತೈತಿ’ ಎಂದು ಸುಮ್ಮನಾಗುತ್ತಾರೆ. ತಪ್ಪಾಗಿ ಕಟ್ಟಿದ ಲಾಳವೂ ಗಟ್ಟಿಯಾಗಿಯೇ ಕೂತಿರುತ್ತದೆ. ಅದರಡಿಯಲ್ಲಿ ಕಾಲು ಕೆಡುತ್ತಿರುತ್ತದೆ, ಅಷ್ಟೇ.

ನಾಲಬಂದ, ಅಂದರೆ ಲಾಳ ಕಟ್ಟುವವರು, ಎನ್ನುವುದು ನಮ್ಮ ಕಡೆ ಕಸುಬೂ ಹೌದು, ಅಡ್ಡಹೆಸರೂ ಹೌದು. ಆ ಅಡ್ಡಹೆಸರಿನ ಮನೆಗಳೆಲ್ಲ ಈಗ ಆ ಕಸುಬು ಮಾಡುತ್ತಿಲ್ಲ. ಹೀಗಾಗಿ ಸಂತೆಯಲ್ಲಿ ಎತ್ತಿಗೆ ಲಾಳ ಬಡಿಯುವವರ ಮುಂದೆಯೇ ಕುದುರೆಯನ್ನೂ ನಿಲ್ಲಿಸುವವರಿದ್ದಾರೆ. ಎತ್ತಿನದು ಸೀಳು ಗೊರಸು, ಒಂದೊಂದು ಭಾಗಕ್ಕೆ ಬೇರೆ ಬೇರೆ ತುಂಡು. ಕುದುರೆಯದು ಒಂದೇ ಗೊರಸು. ಪ್ರತಿ ಹೆಜ್ಜೆಗೂ ಅದರ ಹಿಂಭಾಗ ತುಸು ಹಿಗ್ಗಿ ಮತ್ತೆ ಕುಗ್ಗುತ್ತದೆ. ಹಿಗ್ಗಲು ಜಾಗ ಬಿಡದ ಲಾಳ ಎಷ್ಟೇ ಗಟ್ಟಿಯಿದ್ದರೂ ಕೆಟ್ಟ ಲಾಳವೇ. ಆದ್ದರಿಂದ ಕುದುರೆಯ ಕಾಲನ್ನೇ ಕಲಿತ ಕೈ ಹುಡುಕಿ.

ಕೆಲಸ ಬಲ್ಲವರು ಸಿಕ್ಕಿದ ಮೇಲೂ ಪಕ್ಕದಲ್ಲಿ ನಿಂತು ನೋಡುವುದು ಮಾಲೀಕರ ಕೆಲಸ. ನೋಡುವುದಕ್ಕೆ ಸುತ್ತಿಗೆ ಹಿಡಿಯಲು ಬರಬೇಕೆಂದೇನಿಲ್ಲ. ಒಂದು ಮಾತು ತಲೆಯಲ್ಲಿಟ್ಟುಕೊಂಡರೆ ಸಾಕು: ಲಾಳವನ್ನು ಗೊರಸಿಗೆ ಹೊಂದಿಸಬೇಕು, ಗೊರಸನ್ನು ಲಾಳಕ್ಕಲ್ಲ.

ಹಳೆಯ ಲಾಳ ಎಸೆಯಬೇಡಿ

ಕಿತ್ತ ಲಾಳವನ್ನು ಗುಜರಿಯ ಚೀಲಕ್ಕೆ ಹಾಕುವ ಮೊದಲು ಕೈಗೆ ತೆಗೆದುಕೊಂಡು ಸವೆದದ್ದು ಎಲ್ಲಿ ಎಂದು ನೋಡಿ. ಮುಂತುದಿಯಲ್ಲಿ ತುಸು ಹೆಚ್ಚು ಸವೆದು ಎಡಬಲ ಒಂದೇ ದಪ್ಪ ಉಳಿದಿದ್ದರೆ ಕುದುರೆ ಕಾಲನ್ನು ಸಮನಾಗಿ ಊರುತ್ತಿತ್ತು ಎಂದರ್ಥ. ಒಂದು ಮಗ್ಗುಲು ತೆಳುವಾಗಿ ಇನ್ನೊಂದು ಹಾಗೇ ಇದ್ದರೆ, ಕಳೆದ ಸಲ ಗೊರಸನ್ನು ಒಂದು ಕಡೆ ಎತ್ತರ ಬಿಟ್ಟು ಕೊಯ್ದಿರಬಹುದು ಅಥವಾ ಕುದುರೆಗೆ ಎಲ್ಲೋ ನೋವಿರಬಹುದು. ಮುಂತುದಿ ಮಾತ್ರ ವಿಪರೀತ ಸವೆದಿದ್ದರೆ ಕುದುರೆ ಹಿಮ್ಮಡಿ ಊರಲು ಹೆದರುತ್ತಿದೆಯೇ ಎಂದು ಅನುಮಾನಿಸಿ. ಇದನ್ನು ನಾಲಬಂದರಿಗೆ ತೋರಿಸಿ, ‘ಚಾಚಾ, ಈ ಕಡೆ ಯಾಕ ಹಿಂಗ ಸವದೈತಿ?’ ಎಂದು ಕೇಳಿ. ಕಸುಬು ಬಲ್ಲವರು ಲಾಳ ನೋಡಿ, ಮತ್ತೆ ಗೊರಸು ನೋಡಿ, ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ ಉತ್ತರ ಕೊಡುತ್ತಾರೆ. ಲಾಳದ ಕಡೆ ನೋಡದೆ ‘ಏನ್ ಆಗೂದಿಲ್ಲ ಬಿಡ್ರಿ’ ಎಂದವರ ಕೈಯನ್ನು ಇನ್ನಷ್ಟು ಹತ್ತಿರದಿಂದ ಗಮನಿಸಿ.

ಕೀಳುವ ರೀತಿಯೂ ಗುಣ ಹೇಳುತ್ತದೆ. ಹೊರಗೆ ಮಡಚಿದ ಮೊಳೆ ತುದಿಗಳನ್ನು ಮೊದಲು ಬಿಡಿಸಿ ಅಥವಾ ಅರದಿಂದ ಉಜ್ಜಿ ಆಮೇಲೆ ಲಾಳ ಎತ್ತಬೇಕು. ಇಕ್ಕಳ ಹಾಕಿ ಒಂದೇ ಸಲಕ್ಕೆ ಎಳೆದರೆ ಗೊರಸಿನ ಚಿಪ್ಪು ತುಂಡಾಗುತ್ತದೆ, ಮುಂದಿನ ಮೊಳೆಗೆ ಹಿಡಿತವೇ ಉಳಿಯುವುದಿಲ್ಲ.

ಗೊರಸು ಕೊಯ್ದ ಮೇಲೆ, ಲಾಳ ಇಡುವ ಮುನ್ನ

ತಪ್ಪು ನಡೆಯುವುದು ಹೆಚ್ಚಾಗಿ ಈ ಹಂತದಲ್ಲಿ. ಲಾಳ ಬಂದು ಕೂತ ಮೇಲೆ ಅದು ಮುಚ್ಚಿಹೋಗುತ್ತದೆ. ಆದ್ದರಿಂದ ಇಲ್ಲಿ ‘ಒಂದ್ ನಿಮಿಷ ತಡೀರಿ’ ಎನ್ನಲು ಸಂಕೋಚ ಬೇಡ.

ಕುದುರೆಯನ್ನು ಫರಸಿ ಕಲ್ಲಿನ ಅಥವಾ ಸಿಮೆಂಟಿನ ಸಮತಟ್ಟಾದ ನೆಲದ ಮೇಲೆ ನಾಲ್ಕೂ ಕಾಲು ಚೌಕವಾಗಿ ಊರುವಂತೆ ನಿಲ್ಲಿಸಿ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಗೆಣ್ಣಿನಿಂದ ಗೊರಸಿನವರೆಗೆ ಓರೆಯಾಗಿ ಇಳಿಯುವ ಗಿಡ್ಡ ಭಾಗವಿದೆಯಲ್ಲ, ಅದರ ಓರೆ ಮತ್ತು ಗೊರಸಿನ ಮುಂಭಾಗದ ಓರೆ ಒಂದೇ ಗೆರೆಯಲ್ಲಿರಬೇಕು. ಒಂದು ನೇರ ಕೋಲು ಹಿಡಿದು ನೋಡಿದರೆ ತಿಳಿಯುತ್ತದೆ. ಗೆರೆ ಗೊರಸಿನ ಬಳಿ ಹಿಂದಕ್ಕೆ ಮುರಿದು ಗೊರಸು ಮುಂದೆ ಚಾಚಿಕೊಂಡಿದ್ದರೆ ಮುಂತುದಿ ಉದ್ದ, ಹಿಮ್ಮಡಿ ತಗ್ಗು. ಇದು ಬಹಳ ಸಾಮಾನ್ಯವಾದ ದೋಷ, ಬಹಳ ದುಬಾರಿಯದೂ ಹೌದು. ಪ್ರತಿ ಹೆಜ್ಜೆಗೂ ಕಾಲಿನ ಹಿಂದಿನ ದೊಡ್ಡ ನರ (ಸ್ನಾಯುರಜ್ಜು) ಎಳೆತಕ್ಕೆ ಸಿಕ್ಕಿ, ಗೊರಸಿನ ಒಳಗಿರುವ ದೋಣಿಯಾಕಾರದ ಪುಟ್ಟ ಎಲುಬಿನ ಮೇಲೆ ಒತ್ತಡ ಬೀಳುತ್ತದೆ. ವಾಹನ ಎಳೆಯುವ ಕುದುರೆ ಹೀಗೆ ವರ್ಷಗಟ್ಟಲೆ ನಡೆದರೆ ಕುಂಟು ಖಾಯಂ ಆಗುತ್ತದೆ. ಮುಂಗಾಲಿಗಿಂತ ಹಿಂಗಾಲಿನ ಗೊರಸು ತುಸು ಹೆಚ್ಚು ನೆಟ್ಟಗಿರುವುದು ಸಹಜ, ಅದಕ್ಕೆ ಗಾಬರಿ ಬೇಡ.

ಮುಂದೆ ನಿಂತು ನೋಡುವಾಗ ಕೂದಲು ಮುಗಿದು ಗೊರಸು ಶುರುವಾಗುವ ಅಂಚು ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿರಬೇಕು. ಎರಡು ಮುಂಗಾಲುಗಳ ಗೊರಸು ಗಾತ್ರದಲ್ಲೂ ಓರೆಯಲ್ಲೂ ಜೋಡಿಯಂತೆ ಕಾಣಬೇಕು. ಹುಟ್ಟಿನಿಂದಲೇ ಪಾದ ಒಳಕ್ಕೋ ಹೊರಕ್ಕೋ ತಿರುಗಿರುವ ಕುದುರೆಗಳಿರುತ್ತವೆ. ಬೆಳೆದ ಕುದುರೆಯ ಪಾದವನ್ನು ಗೊರಸು ಕೊಯ್ದೇ ನೇರ ಮಾಡುತ್ತೇನೆ ಎನ್ನುವವರಿಂದ ದೂರವಿರುವುದು ಕ್ಷೇಮ, ಕೀಲುಗಳು ಅದನ್ನು ತಡೆಯವು.

ಈಗ ಕಾಲೆತ್ತಿಸಿ ಅಂಗಾಲು ನೋಡಿ. ಸತ್ತ, ಪುಡಿಯಾಗುವ ಪದರ ಮಾತ್ರ ಹೋಗಿರಬೇಕು. ಹೆಬ್ಬೆರಳಿನಿಂದ ಒತ್ತಿದರೆ ಅಂಗಾಲು ತಗ್ಗುತ್ತದೆಯೇ? ಹಾಗಾದರೆ ವಿಪರೀತ ಕೊಯ್ದಿದ್ದಾರೆ, ಖಡಿ ಹಾಕಿದ ರಸ್ತೆಯಲ್ಲಿ ಆ ಕುದುರೆ ಒಂದೊಂದು ಕಲ್ಲಿಗೂ ನೋಯುತ್ತದೆ. ನಡುವೆ ತ್ರಿಕೋನಾಕಾರದ ಮೆತ್ತನೆಯ ಭಾಗವಿದೆ, ಪುತಲಿ ಎನ್ನುತ್ತಾರಲ್ಲ, ಅದು ಹೆಜ್ಜೆಯ ಪೆಟ್ಟನ್ನು ತಾಳುವ ಭಾಗ. ನೇತಾಡುವ ಚೂರು ತೆಗೆಯಲಿ, ಚೆಂದ ಕಾಣಲೆಂದು ಕೆತ್ತುವುದು ಬೇಡ. ಪಕ್ಕದ ಸೀಳುಗಳಲ್ಲಿ ಕಪ್ಪು ರಸ, ಕೊಳೆತ ವಾಸನೆ ಇದ್ದರೆ ಅದು ಉಚ್ಚೆ, ಲದ್ದಿಯಲ್ಲಿ ನಿಂತು ಬಂದ ಸೋಂಕು. ಆ ತಪ್ಪು ಲಾಯದ್ದು, ನಾಲಬಂದರದ್ದಲ್ಲ.

ಲಾಳ ಗೊರಸಿಗೆ ಕೂಡುತ್ತದೆಯೇ?

ಸಿದ್ಧ ಲಾಳ ಚಿಕ್ಕದಾಯಿತು ಎಂದು ಗೊರಸಿನ ಮುಂಭಾಗವನ್ನೇ ಅರದಿಂದ ಉಜ್ಜಿ ಒಳಗೆ ಸೇರಿಸುವುದನ್ನು ನೀವು ನೋಡಿರಬಹುದು. ಚಪ್ಪಲಿ ಚಿಕ್ಕದಾಯಿತೆಂದು ಬೆರಳು ಕತ್ತರಿಸಿದ ಹಾಗೆ ಇದು. ಹೊರಗಿನ ಗಟ್ಟಿ ಚಿಪ್ಪು ತೆಳ್ಳಗಾಗಿ ಮೊಳೆಗೆ ಸಿಗುವ ಹಿಡಿತ ಕಡಿಮೆಯಾಗುತ್ತದೆ. ಮೇಲ್ಪದರ ಹೋದ ಗೊರಸು ನಮ್ಮ ಬೇಸಿಗೆಯ ಬಿಸಿಲಿಗೆ ಬೇಗ ಒಣಗಿ ಸೀಳುತ್ತದೆ. ಕೆಲಸ ಮುಗಿದಾಗ ಗೊರಸಿನ ಮುಂಭಾಗ ಮೇಲಿನಿಂದ ಕೆಳಗಿನವರೆಗೆ ಒಂದೇ ಓರೆಯಲ್ಲಿರದೆ ಕೆಳತುದಿಯಲ್ಲಿ ಮೊಂಡಾಗಿ ಕತ್ತರಿಸಿದಂತಿದ್ದರೆ ನಡೆದದ್ದು ಇದೇ. ಕೆಲವರು ಉಜ್ಜಿದ ಗುರುತು ಕಾಣದಂತೆ ಕೊನೆಗೆ ಎಣ್ಣೆ ಬಳಿದು ಮಿರಮಿರ ಮಿಂಚಿಸುತ್ತಾರೆ. ಎಣ್ಣೆ ಹಚ್ಚುವ ಮೊದಲೇ ನೋಡಿ.

ಲಾಳ ಇಟ್ಟಾಗ ಗೊರಸಿಗೂ ಕಬ್ಬಿಣಕ್ಕೂ ನಡುವೆ ಸಂದು ಇರಬಾರದು, ಬೆಳಕು ಕಂಡರೆ ಲಾಳವನ್ನು ಬಡಿದು ತಿದ್ದಲು ಮತ್ತೆ ಅಡಿಗಲ್ಲಿಗೆ ಹೋಗಬೇಕು. ಲಾಳದ ಭಾರ ಹೊರಚಿಪ್ಪಿನ ಮೇಲೆ ಬೀಳಬೇಕೇ ಹೊರತು ಒಳಗಿನ ಅಂಗಾಲಿನ ಮೇಲಲ್ಲ. ಮುಂದಿನ ಅರ್ಧದಲ್ಲಿ ಲಾಳ ಗೊರಸಿನ ಅಂಚಿಗೆ ಸರಿಯಾಗಿರಲಿ. ಅತಿ ಅಗಲದ ಜಾಗದಿಂದ ಹಿಂದಕ್ಕೆ ಕಬ್ಬಿಣ ಗೊರಸಿಗಿಂತ ನಾಣ್ಯದ ದಪ್ಪದಷ್ಟು ಹೊರಗೆ ಕಾಣಬೇಕು. ಹೆಜ್ಜೆ ಊರಿದಾಗ ಹಿಗ್ಗುವ ಗೊರಸಿಗೆ ಅದೇ ಆಸರೆ. ಲಾಳದ ಎರಡು ತುದಿಗಳೂ ಹಿಮ್ಮಡಿಯ ಕೊನೆಯವರೆಗೆ ಮುಟ್ಟಬೇಕು. ಗಿಡ್ಡವಾದರೆ ತುದಿಗಳು ಅಂಗಾಲಿಗೆ ಒತ್ತಿ ಒಳಗೇ ಗಾಯವಾಗುತ್ತದೆ. ಮುಂಗಾಲಿಗೆ ವಿಪರೀತ ಉದ್ದವೂ ಬೇಡ, ಹಿಂಗಾಲು ಬಂದು ಅದನ್ನು ತುಳಿದು ಕಿತ್ತೆಸೆಯುತ್ತದೆ. ಹಿಂಗಾಲಿನ ಲಾಳ ತುಸು ಉದ್ದವಿದ್ದರೆ ಅಡ್ಡಿಯಿಲ್ಲ.

ಬಿಸಿ ಲಾಳ ಹಚ್ಚುವವರಿದ್ದರೆ ಕೆಲವೇ ಸೆಕೆಂಡು ಮುಟ್ಟಿಸಿ ತೆಗೆಯಬೇಕು. ಸಮನಾದ ಕಂದು ಗುರುತು ಬಿದ್ದರೆ ಲಾಳ ಎಲ್ಲ ಕಡೆ ತಾಗಿದೆ. ಸುಟ್ಟು ಸುಟ್ಟು ಗೊರಸನ್ನೇ ತಗ್ಗಿಸುವುದು ಕೆಲಸಗಳ್ಳತನ. ಇನ್ನು, ದಪ್ಪ ಲಾಳ ಬಹಳ ದಿನ ಬರುತ್ತದೆಂದು ಕೇಳಿ ಹಾಕಿಸುವ ಮಾಲೀಕರಿಗೆ ಒಂದು ಮಾತು: ಆ ಭಾರವನ್ನು ದಿನಕ್ಕೆ ಸಾವಿರಾರು ಸಲ ಎತ್ತುವುದು ಕುದುರೆ.

ಮೊಳೆ

ಕುದುರೆಯ ಮೊಳೆಗೆ ಎರಡು ಮುಖ. ಒಂದು ಸಪಾಟು, ಇನ್ನೊಂದು ತುದಿಯಲ್ಲಿ ಓರೆಯಾಗಿ ಅರೆದದ್ದು. ಓರೆ ಮುಖ ಒಳಗಡೆ ಬಂದರೆ ಮೊಳೆ ಬಾಗಿ ಗೊರಸಿನ ಹೊರಗೆ ಬರುತ್ತದೆ. ತಿರುವುಮುರುವಾದರೆ ಜೀವವಿರುವ ಮಾಂಸದೊಳಗೆ ಹೋಗುತ್ತದೆ. ಅಂಗಾಲಿನ ಸುತ್ತ ತೆಳ್ಳನೆಯ ಬಿಳಿ ಗೆರೆ ಕಾಣುತ್ತದಲ್ಲ, ಮೊಳೆ ಅದರಿಂದ ಹೊರಗೇ ಇರಬೇಕು, ಒಳಗೆಲ್ಲ ನೋವಿನ ಪ್ರದೇಶ.

ಸಾಮಾನ್ಯವಾಗಿ ಒಂದು ಲಾಳಕ್ಕೆ ಆರರಿಂದ ಎಂಟು ಮೊಳೆ. ಹೊರಮಗ್ಗುಲಿಗೆ ನಾಲ್ಕು, ಒಳಮಗ್ಗುಲಿಗೆ ಮೂರು ಹೊಡೆಯುವ ಪದ್ಧತಿ ಹಳೆಯದು. ಹೆಚ್ಚು ಮೊಳೆ ಹೆಚ್ಚು ಗಟ್ಟಿ ಎಂಬ ಲೆಕ್ಕ ಇಲ್ಲಿ ನಡೆಯದು, ಒಂದೊಂದು ಮೊಳೆಯೂ ಚಿಪ್ಪಿಗೆ ಒಂದೊಂದು ತೂತು. ಗೊರಸಿನ ಅತಿ ಅಗಲದ ಜಾಗಕ್ಕಿಂತ ಹಿಂದೆ ಮೊಳೆ ಹೊಡೆದರೆ ಹಿಗ್ಗಬೇಕಾದ ಹಿಂಭಾಗವನ್ನು ಕಟ್ಟಿಹಾಕಿದಂತೆ. ಇಷ್ಟನ್ನು ಯಾವ ಮಾಲೀಕರೂ ಎಣಿಸಿ ನೋಡಬಲ್ಲರು.

ಹೊಡೆಯುವಾಗ ಕಿವಿ ತೆರೆದಿಡಿ. ಗಟ್ಟಿ ಚಿಪ್ಪಿನಲ್ಲಿ ಹೋಗುವ ಮೊಳೆಗೆ ಏರುವ ಗಟ್ಟಿ ಸದ್ದಿದೆ. ಸದ್ದು ಮಂದವಾಗಿ ಮೊಳೆ ಸಲೀಸಾಗಿ ಇಳಿದರೆ, ಕುದುರೆ ಥಟ್ಟನೆ ಕಾಲು ಎಳೆದುಕೊಂಡರೆ ತಕ್ಷಣ ನಿಲ್ಲಿಸಬೇಕು. ಒಳ್ಳೆಯವರು ಕುದುರೆಗೆ ಬಯ್ಯುವುದಿಲ್ಲ, ಮೊಳೆ ಕಿತ್ತು ನೋಡುತ್ತಾರೆ.

ಹೊರಬಂದ ತುದಿಗಳನ್ನು ಕತ್ತರಿಸಿ ಮಡಚಿದ ಮೇಲೆ ಅವು ಒಂದೇ ಸಾಲಿನಲ್ಲಿರಬೇಕು, ಲಾಳದಿಂದ ಸುಮಾರು 2 ಸೆಂ.ಮೀ. ಎತ್ತರದಲ್ಲಿ. ತೀರ ಕೆಳಗೆ ಬಂದದ್ದು ಚಿಪ್ಪು ಒಡೆದು ಬಿಡುತ್ತದೆ. ತೀರ ಮೇಲೆ ಬಂದದ್ದು ಒಳಮಾಂಸಕ್ಕೆ ಹತ್ತಿರ ಹೋಗಿರುತ್ತದೆ. ಅಂಗೈ ಸವರಿ ನೋಡಿ, ಚುಚ್ಚಬಾರದು. ಒಳಮಗ್ಗುಲಿನಲ್ಲಿ ಚೂಪು ಉಳಿದರೆ ನಡೆಯುವಾಗ ಪಕ್ಕದ ಕಾಲನ್ನೇ ಗೀರುತ್ತದೆ. ಮೊಳೆಯ ತಲೆ ಲಾಳದ ತೂತಿನಲ್ಲಿ ಪೂರ್ತಿ ಕೂತಿರಬೇಕು. ಅಲ್ಲಾಡುವ ತಲೆ ವಾರದೊಳಗೆ ಸಡಿಲವಾಗುತ್ತದೆ, ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಉಳಿದದ್ದನ್ನು ನೋಡಿಕೊಳ್ಳುತ್ತದೆ.

ನಡೆಸಿ, ಕೇಳಿ, ಮರುದಿನ ಮುಟ್ಟಿ ನೋಡಿ

ಹಣ ಕೊಡುವ ಮೊದಲು ಗಟ್ಟಿ ನೆಲದಲ್ಲಿ ಲಗಾಮು ಸಡಿಲ ಹಿಡಿದು ನಡೆಸಿ. ಪಕ್ಕದಿಂದ ನೋಡಿದರೆ ಗೊರಸು ಸಪಾಟಾಗಿ ಅಥವಾ ಹಿಮ್ಮಡಿ ಮೊದಲಾಗಿ ಊರಬೇಕು. ಹಿಂದಿನಿಂದ ನೋಡಿದರೆ ಎರಡೂ ಮಗ್ಗುಲು ಒಟ್ಟಿಗೆ ಊರಬೇಕು. ಸಣ್ಣ ಓಟದಲ್ಲಿ ಸದ್ದು ಒಂದೇ ಲಯದಲ್ಲಿ ಬರಲಿ. ಮುಂಗಾಲು ನೋಯುವ ಕುದುರೆ ಆ ಕಾಲು ಊರುವಾಗ ತಲೆ ಎತ್ತುತ್ತದೆ, ಚೆನ್ನಾಗಿರುವ ಕಾಲು ಊರುವಾಗ ತಗ್ಗಿಸುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗುವ ಟಕ್ ಸದ್ದು ಬಂದರೆ ಹಿಂಗಾಲಿನ ಲಾಳ ಮುಂಗಾಲಿನದಕ್ಕೆ ಬಡಿಯುತ್ತಿದೆ.

ಮರುದಿನ, ಅದರ ಮರುದಿನ ಗೊರಸಿನ ಮೇಲೆ ಕೈಯ ಹಿಂಭಾಗವಿಟ್ಟು ನಾಲ್ಕನ್ನೂ ಹೋಲಿಸಿ. ಒಂದು ಮಾತ್ರ ಬಿಸಿಯಿದ್ದು, ಗೆಣ್ಣಿನ ಹಿಂದೆ ಎರಡೂ ಬದಿ ಬೆರಳಿಟ್ಟಾಗ ನಾಡಿ ಜೋರಾಗಿ ಬಡಿಯುತ್ತಿದ್ದರೆ ಮೊಳೆ ಒತ್ತುತ್ತಿರಬಹುದು. ಮೊಳೆ ನೇರವಾಗಿ ಚುಚ್ಚಿದ್ದರೆ ಕುಂಟು ಆ ಕ್ಷಣಕ್ಕೇ ಕಾಣುತ್ತದೆ. ಹತ್ತಿರ ಹೋಗಿ ಒತ್ತುತ್ತಿದ್ದರೆ ಎರಡು ಮೂರು ದಿನ ಬೇಕು, ಕೀವು ಕಟ್ಟಲು ಇನ್ನೂ ಹೆಚ್ಚು. ‘ಎರಡ ದಿನ ಆದ್ರ ಹೊಂದ್ಕೋತೈತ್ರಿ’ ಎಂಬ ಮಾತಿಗೆ ಒಪ್ಪಬೇಡಿ. ಗಾಡಿ ಬಿಚ್ಚಿ, ಆ ಮೊಳೆ ತೆಗೆಸಿ, ಪಶುವೈದ್ಯರಿಗೆ ತೋರಿಸಿ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ಲದ್ದಿಯಲ್ಲಿ ಇರುತ್ತದೆ, ಕುದುರೆಯಷ್ಟು ಬೇಗ ಅದಕ್ಕೆ ಸಿಕ್ಕುವ ಸಾಕುಪ್ರಾಣಿ ಇನ್ನೊಂದಿಲ್ಲ. ಅದರ ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂದು ಬರೆದಿಟ್ಟಿದ್ದರೆ ವೈದ್ಯರಿಗೆ ಅರ್ಧ ಕೆಲಸ ಉಳಿಯುತ್ತದೆ. ಪಶು ಸಹಾಯವಾಣಿ 1962.

ಎಷ್ಟು ದಿನಕ್ಕೊಮ್ಮೆ

ನಾಲ್ಕರಿಂದ ಆರು ವಾರ. ಲಾಳ ಸವೆದಿಲ್ಲ ಎಂದು ಮೂರು ತಿಂಗಳು ಎಳೆಯುವುದು ಉಳಿತಾಯವಲ್ಲ. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತದೆ. ಅದರ ಜೊತೆ ಲಾಳವೂ ಮುಂದೆ ಸರಿಯುತ್ತದೆ, ಮೇಲೆ ಹೇಳಿದ ಎಲ್ಲ ಲೆಕ್ಕ ತಪ್ಪುತ್ತದೆ. ಸವೆಯದಿದ್ದರೆ ಕಿತ್ತು, ಗೊರಸು ಕೊಯ್ದು, ಅದೇ ಲಾಳವನ್ನು ಮತ್ತೆ ಹೊಡೆಸಬಹುದು. ಕಬ್ಬಿಣದ ಖರ್ಚು ಉಳಿಯುತ್ತದೆ, ಕೂಲಿ ಮಾತ್ರ.

ತಪ್ಪು ಕಂಡಾಗ ಯಾವುದನ್ನು ಇಂದೇ ಸರಿಮಾಡಿಸಬೇಕು, ಯಾವುದಕ್ಕೆ ಕಾಯಬೇಕು ಎಂಬ ವಿವೇಕವೂ ಬೇಕು. ಚುಚ್ಚುವ ತುದಿ, ಸಡಿಲ ಮೊಳೆ, ಗಿಡ್ಡ ಲಾಳ ಇವಕ್ಕೆ ನಾಳೆ ಎನ್ನಬೇಡಿ. ಉದ್ದ ಮುಂತುದಿ, ತಗ್ಗು ಹಿಮ್ಮಡಿ ಒಂದೇ ಸಲಕ್ಕೆ ನೆಟ್ಟಗಾಗವು. ಓರೆಯನ್ನು ಒಮ್ಮೆಲೇ ಬದಲಿಸಿದರೆ ನರಗಳಿಗೆ ಹೊಸ ಎಳೆತ ಶುರುವಾಗುತ್ತದೆ. ಮುಂಭಾಗದ ಗೊರಸು ಪೂರ್ತಿ ಹೊಸದಾಗಿ ಇಳಿಯಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಅಷ್ಟೂ ಕಾಲ ಒಬ್ಬರೇ ನಾಲಬಂದರು ಪ್ರತಿ ಸಲ ಸ್ವಲ್ಪ ಸ್ವಲ್ಪ ತಿದ್ದುತ್ತ ಬರುವಂತೆ ಮೊದಲೇ ಮಾತಾಡಿಕೊಳ್ಳಿ. ಪ್ರತಿ ಸಲವೂ ಕೊಯ್ಯುವ ಮುಂಚೆ ಮತ್ತು ಲಾಳ ಕಟ್ಟಿದ ಮೇಲೆ ಪಕ್ಕದಿಂದ ಒಂದೊಂದು ಮೊಬೈಲ್ ಫೋಟೊ ತೆಗೆದಿಡಿ. ಫೋಟೊ ತೆಗೆಯುವಾಗ ಮೊಬೈಲ್ ಗೊರಸಿನ ಮಟ್ಟಕ್ಕೇ ಇರಲಿ, ನಿಂತು ಮೇಲಿನಿಂದ ತೆಗೆದರೆ ಓರೆ ಸುಳ್ಳಾಗಿ ಕಾಣುತ್ತದೆ.