ಖಾರದ ಮಟನ್‌ಗೆ ಸ್ಪೇನಿನ ರೆಡ್ ವೈನ್: ಮೂರು ಬಾಟಲಿ ಹಾಳಾದ ಮೇಲೆ

ಸ್ಪೇನಿನ ಜರಗೋಜಾ ಊರಿಗೆ ಬಂದು ಆರು ವರ್ಷ ಆಯಿತು. "ಚಾಪ್ಸ್ ಜೊತೆ ವೈನಾ? ಸುಮ್ನೆ ಬಿಯರ್ ತಗೊಂಡ್ ಬಾ ಮಗಾ" ಅಂತ ಇಲ್ಲಿನ ನಮ್ಮ ಹುಡುಗರು ಎಷ್ಟು ಸಲ ಆಡಿಕೊಂಡರೋ. ಪಕ್ಕದ ಮನೆಯ ಸ್ಪ್ಯಾನಿಷ್ ಅಜ್ಜನದ್ದೂ ಅದೇ ರಾಗ. ಹೋದ ತಿಂಗಳು ಅದೇ ಅಜ್ಜ ನಮ್ಮನೆ ಊಟಕ್ಕೆ ಬಂದು, ಚಾಪ್ಸ್ ಜೊತೆ ಮೂರನೇ ಗ್ಲಾಸ್ ವೈನ್ ಕೇಳಿದರು. ಅದಕ್ಕೇ ಬರೀತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ. ಜಂಬಕ್ಕೆ ವೈನಿಗೆ ಹೆಸರಾದ ರಿಯೋಹಾ ಪ್ರಾಂತ್ಯದ ಗ್ರಾನ್ ರೆಸೆರ್ವಾ ತಂದೆ, 35 ಯೂರೋ ಹತ್ತಿರ. ಐದು ವರ್ಷ ಇಟ್ಟು ಹದ ಮಾಡಿದ ಮಾಲು, ಅದರಲ್ಲಿ ಎರಡು ವರ್ಷ ಓಕ್ ಪೀಪಾಯಿಯಲ್ಲಿ. ಬರೀ ಕುಡಿದಾಗ ಒಣ ಅಂಜೂರ, ವೆನಿಲಾ, ಹಳೇ ಚರ್ಮದ ವಾಸನೆ, ಎಲ್ಲ ಸಿಕ್ಕಿತು. ಗುಂಟೂರು ಮೆಣಸಿನಕಾಯಿಯ ಚಾಪ್ಸ್ ಒಂದು ತುತ್ತು ತಿಂದು ಕುಡಿದೆ ನೋಡಿ, ಬಾಯೆಲ್ಲ ಉರಿ, ಹಿಂದೆಯೇ ಎಳೆ ಅಡಿಕೆ ಜಗಿದಂಥ ಒಗರು. ಎರಡನೇದು ಇನ್ನೊಂದು ವೈನ್ ಸೀಮೆ ರಿಬೇರಾ ದೆಲ್ ದುಎರೊದ್ದು, ಶೇ 14.5 ಆಲ್ಕೋಹಾಲ್. ಖಾರದ ಮೇಲೆ ಅಷ್ಟು ಆಲ್ಕೋಹಾಲ್ ಬಿದ್ದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಮೂರನೇ ಬಾಟಲಿಯನ್ನು ಜುಲೈನಲ್ಲಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟಿದ್ದೆ. ರೂಮ್ ಟೆಂಪರೇಚರ್ ಅಂತಾರಲ್ಲ, ಆವತ್ತು ಹೊರಗೆ 38 ಡಿಗ್ರಿ! ಕಷಾಯ ಕುಡಿದ ಹಾಗಿತ್ತು. ಒಟ್ಟು 80 ಯೂರೋ ಹೋಯಿತು. ಉಳಿದದ್ದಕ್ಕೆ ಕೋಲಾ ಸುರಿದು ಕಲಿಮೋಚೊ ಮಾಡಿ ಮುಗಿಸಿದೆ. ಉತ್ತರ ಸ್ಪೇನಿನ ಬಾಸ್ಕ್ ಹುಡುಗರು ಹಬ್ಬದಲ್ಲಿ ಕುಡಿಯೋದೇ ಅದು. ಚೆನ್ನಾಗೇ ಇತ್ತು, ನಿಜ ಹೇಳಬೇಕಂದ್ರೆ.

ದಾರಿ ಸಿಕ್ಕಿದ್ದು ರಿಯೋಹಾದ ರಾಜಧಾನಿ ಲೊಗ್ರೋನ್ಯೊದಲ್ಲಿ, ಒಂದು ಆಲೂಗಡ್ಡೆ ಸಾಗುವಿನಿಂದ. ಅಲ್ಲಿಯವರು ಆಲೂಗಡ್ಡೆಗೆ ಚಾಕು ಅರ್ಧ ಇಳಿಸಿ, ಉಳಿದದ್ದನ್ನು ಟಕ್ ಅಂತ ಮುರಿಯುತ್ತಾರೆ. ಗಂಜಿ ಬಿಟ್ಟುಕೊಂಡು ರಸ ಗಟ್ಟಿಯಾಗುತ್ತೆ. ಚೊರಿಸೊ, ಅಂದರೆ ಹಂದಿಮಾಂಸದ ಸಾಸೇಜ್, ತುಂಡು ಮಾಡಿ ಹಾಕಿ, ನೆನೆಸಿದ ಚೊರಿಸೆರೊ ಮೆಣಸಿನಕಾಯಿಯ ತಿರುಳನ್ನು ಚಮಚದಲ್ಲಿ ಕೆರೆದು ಸೇರಿಸುತ್ತಾರೆ. ಬಣ್ಣ ಕೆಂಪೋ ಕೆಂಪು, ಖಾರ ಇಲ್ಲವೇ ಇಲ್ಲ. ಜೊತೆಗೆ ರೆಡ್ ವೈನ್ ಆರಾಮಾಗಿ ಇಳಿಯಿತು. ತಟ್ಟೆ ನೋಡುತ್ತಲೇ ಹೊಳೆಯಿತು: ಇದು ನಮ್ಮ ಬ್ಯಾಡಗಿಯ ನೆಂಟ ಅಲ್ವಾ!

ಮನೆಗೆ ಬಂದು ಗುಂಟೂರು ಬಿಟ್ಟು ಬರೀ ಬ್ಯಾಡಗಿ ರುಬ್ಬಿದೆ. ಒಂದು ಕೆಜಿ ತೆರ್ನಾಸ್ಕೊಗೆ, ಅಂದರೆ ಇಲ್ಲಿನ ಎಳೆ ಕುರಿಮರಿ ಮಾಂಸಕ್ಕೆ, ಎಂಟೋ ಒಂಬತ್ತೋ ಕಾಯಿ. ಕಾಳುಮೆಣಸು ಅರ್ಧ ಮಾಡಿದೆ. ಉಪ್ಪು ಒಂದು ಚಿಟಿಕೆ ಮುಂದೆಯೇ ಇರಲಿ, ಕೊನೆಗೆ ನಿಂಬೆ. ಇವೆರಡೂ ಒಗರನ್ನು ತಗ್ಗಿಸುತ್ತವೆ. ಇಳಿಸುವ ಮುಂಚೆ ಇನ್ನೊಂದು ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ವೈನ್ ಅಗ್ಗದ್ದು: ಜರಗೋಜಾ ಹತ್ತಿರದ ಕಾಂಪೊ ದೆ ಬೋರ್ಹಾ ಸೀಮೆಯ, ಗಾರ್ನಾಚಾ ದ್ರಾಕ್ಷಿಯದ್ದು, ಪೀಪಾಯಿ ಕಾಣದ ಹೊಸದು, 5 ಯೂರೋ ಒಳಗೆ. ಫ್ರಿಜ್ಜಲ್ಲಿಟ್ಟು 15 ಡಿಗ್ರಿ ಆಸುಪಾಸಿಗೆ ತರಬೇಕು.  ಮಾಂಸದ ಕೊಬ್ಬು ಇನ್ನೂ ನಾಲಿಗೆ ಮೇಲಿರುವಾಗಲೇ ಒಂದು ಗುಟುಕು. ಆಗ ವೈನಿನ ಸ್ಟ್ರಾಬೆರಿ ಮುಂದೆ ಬರುತ್ತೆ, ಬ್ಯಾಡಗಿಯ ಸಿಹಿ ಹಿಂದೆ.

ಅದೇ ವೈನ್ ಎಣ್ಣೆಗಾಯಿಗೂ ಒಗ್ಗಿತು. ಕಡಲೆಕಾಯಿ, ಎಳ್ಳಿನ ಜಿಡ್ಡು ಇರುತ್ತಲ್ಲ. ಮೀನು ಗಸಿಗೆ ಹಾಕಿ ನೋಡಿದೆ, ಬಾಯಲ್ಲಿ ಕಬ್ಬಿಣದ ಮೊಳೆ ಇಟ್ಟ ಹಾಗಾಯಿತು. ಹೋಳಿಗೆ ತಿಂದು ಕುಡಿದರೆ ವೈನ್ ಬರೀ ಹುಳಿ. ಮೊಸರನ್ನದ ಸುದ್ದಿ ಬೇಡ.

ಈಗ 8 ಯೂರೋದ ರಿಯೋಹಾ ಕ್ರಿಯಾನ್ಸಾ, ಅಂದರೆ ಪೀಪಾಯಿಯಲ್ಲಿ ಕಡಿಮೆ ಕಾಲ ಇಟ್ಟದ್ದು, ಅದೂ ಕೂಡ ಈ ಚಾಪ್ಸ್‌ಗೆ ಹೊಂದುತ್ತಿದೆ. ಗ್ರಾನ್ ರೆಸೆರ್ವಾ ಮಾತ್ರ ಮತ್ತೆ ಮುಟ್ಟಿಲ್ಲ. ಬ್ಯಾಡಗಿ ಡಬ್ಬ ತಳ ಕಾಣುತ್ತಿದೆ. ಡಿಸೆಂಬರ್‌ಗೆ ಬರುವಾಗ ಎರಡು ಕೆಜಿ ತಗೊಂಡು ಬಾ ಅಂತ ಅಮ್ಮನಿಗೆ ಹೇಳಿದೆ. ಅಷ್ಟೊಂದು ಯಾಕೋ ಅಂತ ಕೇಳಿದಳು. ಸಾರಿಗೆ ಅಂದೆ.