ಸೊಂಟದ ಎಂಆರ್‌ಐ ವರದಿ ಓದುವುದು ಹೇಗೆ?

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ತೆಗೆಸಿದ ಎಂಆರ್‌ಐ ವರದಿ ಅದೇ ಸಂಜೆ ವಾಟ್ಸಾಪ್‌ನಲ್ಲಿ ಊರಿಗೆ ತಲುಪಿರುತ್ತದೆ. ಊರಿನವರು ‘ಡಿಸ್ಕ್ ಜಾರಿದೆಯಂತೆ’ ಎನ್ನುತ್ತಾರೆ, ಇಲ್ಲಿ ನೆರೆಮನೆಯವರು ‘ನಸ್ ದಬ್ ಗಯೀ’ (ನರ ಒತ್ತಿಕೊಂಡಿದೆ) ಎನ್ನುತ್ತಾರೆ. ಡಿಸ್ಕ್ ಜಾರಿ ಹೋಗುವ ಬಿಲ್ಲೆಯಲ್ಲ, ಮೇಲಿನ ಕೆಳಗಿನ ಮೂಳೆಗಳಿಗೆ ಬಿಗಿಯಾಗಿ ಅಂಟಿಕೊಂಡ ಮೆತ್ತೆ. ಅದು ಹೇಗೆ ಉಬ್ಬಿದೆ ಎಂದು ಹೇಳಲು ಅಮೆರಿಕದ ಬೆನ್ನೆಲುಬು ಹಾಗೂ ರೇಡಿಯಾಲಜಿ ತಜ್ಞರ ಮೂರು ಸಂಘಗಳು 2001ರಲ್ಲಿ ಪದಗಳನ್ನು ಗೊತ್ತುಮಾಡಿ, 2014ರಲ್ಲಿ ತಿದ್ದಿದವು.

ಮೊದಲು ಮಟ್ಟ ನೋಡಿ. ಸೊಂಟದಲ್ಲಿ ಸಾಮಾನ್ಯವಾಗಿ 5 ಮೂಳೆ, ಎಲ್1ರಿಂದ ಎಲ್5. ಅದರ ಕೆಳಗೆ ತ್ರಿಕಾಸ್ಥಿಯ ಮೊದಲ ಮೂಳೆ, ಎಸ್1. ‘ಎಲ್4-ಎಲ್5’ ಎಂದರೆ ಆ ಎರಡರ ನಡುವಿನ ಡಿಸ್ಕ್. ‘ಸೇಕ್ರಲೈಸೇಷನ್’ ಅಥವಾ ‘ಟ್ರಾನ್ಸಿಷನಲ್’ ಎಂಬ ಪದ ಕಂಡರೆ ಅಡಿಗೆರೆ ಹಾಕಿ. ಅಂಥವರಲ್ಲಿ ಸೊಂಟದ ಕೊನೆಯ ಮೂಳೆ ಕೆಳಗಿನದಕ್ಕೆ ಬೆಸೆದುಕೊಂಡಿರುವುದರಿಂದ, ಇಲ್ಲವೇ ಎಸ್1 ಬಿಡಿಯಾಗಿರುವುದರಿಂದ ಒಬ್ಬರ ಎಣಿಕೆಗೂ ಇನ್ನೊಬ್ಬರ ಎಣಿಕೆಗೂ ಒಂದು ಮೂಳೆಯ ವ್ಯತ್ಯಾಸ ಬರಬಹುದು. ಆಪರೇಷನ್ನಿನ ಮಾತು ಬಂದಾಗ ಇದನ್ನು ಸರ್ಜನ್‌ಗೆ ತೋರಿಸಲೇಬೇಕು.

ಮುಂದೆ ಆಕಾರ. ಗೊಂದಲವೆಲ್ಲ ಇಲ್ಲೇ. ಡಿಸ್ಕನ್ನು ಗಡಿಯಾರದ ಮುಖವೆಂದುಕೊಳ್ಳಿ. 12ರಿಂದ 3ರವರೆಗಿನದು ಸುತ್ತಳತೆಯ ಶೇ 25. ಅದಕ್ಕಿಂತ ಹೆಚ್ಚು ಅಗಲಕ್ಕೆ ಅಂಚು ಉಬ್ಬಿದ್ದರೆ ‘ಬಲ್ಜ್’. ಇದನ್ನು ಹರ್ನಿಯೇಷನ್ ಎಂದು ಎಣಿಸುವುದಿಲ್ಲ. ನೋವೇ ಇಲ್ಲದವರ ಚಿತ್ರಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 20ರ ವಯಸ್ಸಿನಲ್ಲಿ ಶೇ 30, 80ರಲ್ಲಿ ಶೇ 84 ಮಂದಿಗೆ ಬಲ್ಜ್ ಇತ್ತು. ಈ ಒಂದು ಪದ ಓದಿ ಕೆಲಸ ಬಿಡುವ ಯೋಚನೆ ಮಾಡಬೇಡಿ.

ಶೇ 25ಕ್ಕಿಂತ ಕಡಿಮೆ ಜಾಗದಲ್ಲಿ ಹೊರಬಂದರೆ ಹರ್ನಿಯೇಷನ್. ಬುಡ ಅಗಲ, ತುದಿ ಕಿರಿದು, ಅಂದರೆ ಗುಡ್ಡದಂತಿದ್ದರೆ ‘ಪ್ರೊಟ್ರೂಷನ್’. ಬುಡ ಕಿರಿದಾಗಿ ತಲೆ ಅಗಲವಾಗಿ ಅಣಬೆಯಂತಿದ್ದರೆ ‘ಎಕ್ಸ್‌ಟ್ರೂಷನ್’. ಅಡ್ಡ ಸೀಳಿನ ಚಿತ್ರದಲ್ಲಿ ಗುಡ್ಡದಂತೆ ಕಂಡದ್ದು ಉದ್ದ ಸೀಳಿನಲ್ಲಿ ಅಣಬೆಯಾಗಿರಬಹುದು. ಯಾವುದಾದರೂ ಒಂದರಲ್ಲಿ ಹಾಗಿದ್ದರೂ ಅದು ಎಕ್ಸ್‌ಟ್ರೂಷನ್ನೇ. ತಲೆ ಪೂರ್ತಿ ಕಳಚಿಕೊಂಡರೆ ‘ಸೀಕ್ವೆಸ್ಟ್ರೇಷನ್’. ಹೆಸರು ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಹೀಗೆ ಹೊರಬಿದ್ದ ತುಂಡನ್ನು ದೇಹವೇ ಕರಗಿಸುವ ಸಾಧ್ಯತೆ ಬಲ್ಜ್‌ಗಿಂತ ಹೆಚ್ಚು. ಪದ ಹೇಳುವುದು ಆಕಾರವನ್ನು, ನೋವಿನ ತೂಕವನ್ನಲ್ಲ.

ಆಮೇಲೆ ಜಾಗ. ನಡುವಿನಿಂದ ಹೊರಗೆ ಸೆಂಟ್ರಲ್, ಸಬ್‌ಆರ್ಟಿಕ್ಯುಲರ್, ಫೊರಾಮಿನಲ್ (ನರ ಹೊರಬೀಳುವ ಕಿಂಡಿ), ಎಕ್ಸ್‌ಟ್ರಾಫೊರಾಮಿನಲ್. ಎಲ್4-ಎಲ್5ರಲ್ಲಿ ಸಬ್‌ಆರ್ಟಿಕ್ಯುಲರ್ ಉಬ್ಬು ಸಾಮಾನ್ಯವಾಗಿ ಕೆಳಗಿಳಿಯುವ ಎಲ್5 ನರವನ್ನು ಒತ್ತುತ್ತದೆ. ಫೊರಾಮಿನಲ್ ಆದರೆ ಅಲ್ಲೇ ಹೊರಬೀಳುವ ಎಲ್4 ನರವನ್ನು. ವರದಿಯಲ್ಲಿ ‘ರೈಟ್’ ಎಂದಿದ್ದು ನಿಮ್ಮ ಎಡಗಾಲು ಸೆಳೆಯುತ್ತಿದ್ದರೆ ತಕ್ಷಣ ಡಾಕ್ಟರಿಗೆ ಹೇಳಿ. ಫಿಲ್ಮನ್ನು ನೀವೇ ನೋಡುವಾಗ ನೆನಪಿರಲಿ: ನಿಮ್ಮ ಎಡಬದಿ ಚಿತ್ರದ ಬಲಕ್ಕಿರುತ್ತದೆ.

‘ಇಂಡೆಂಟಿಂಗ್ ದಿ ಥೀಕಲ್ ಸ್ಯಾಕ್’ ಎಂಬ ಸಾಲು ನಮ್ಮ ಕಡೆಯ ಎಷ್ಟೋ ವರದಿಗಳಲ್ಲಿರುತ್ತದೆ. ನರಗಳ ಚೀಲಕ್ಕೆ ಉಬ್ಬು ತಾಗಿ ತಗ್ಗು ಬಿದ್ದಿದೆ ಎಂದಷ್ಟೇ ಅರ್ಥ. ನರದ ಬೇರಿಗೆ ‘ಕಂಪ್ರೆಷನ್’ ಇದೆಯೇ ಎಂಬುದು ಬೇರೆ ಪ್ರಶ್ನೆ. ನರಗಳು ಇಳಿಯುವ ಬೆನ್ನೆಲುಬಿನ ನಾಳ ಮೂರರಲ್ಲೊಂದು ಪಾಲಿಗಿಂತ ಕಡಿಮೆ ಕಿರಿದಾಗಿದ್ದರೆ ಮೈಲ್ಡ್, ಮೂರರಲ್ಲೆರಡು ಪಾಲಿನವರೆಗೆ ಮಾಡರೇಟ್, ಅದಕ್ಕೂ ಮೇಲೆ ಸಿವಿಯರ್.

‘ಲೀಶನ್’ ಕಂಡ ಕೂಡಲೇ ಕ್ಯಾನ್ಸರ್ ಎಂದುಕೊಳ್ಳುವವರಿದ್ದಾರೆ. ಅದು ಸಹಜವಲ್ಲದ ಯಾವುದೇ ಗುರುತಿಗೆ ಹೇಳುವ ಮಾತು. ಮೂಳೆಯೊಳಗಿನ ‘ಹೆಮಾಂಜಿಯೋಮಾ’ ಬಹುತೇಕ ನಿರಪಾಯದ ರಕ್ತನಾಳದ ಗಂಟು.

ಒಂದು ಸ್ಥಿತಿಯಲ್ಲಿ ಮಾತ್ರ ವರದಿ ಓದುತ್ತ ಕೂರಬಾರದು. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಗುದದ ಸುತ್ತ, ತೊಡೆಸಂದಿನಲ್ಲಿ ಮರಗಟ್ಟಿದರೆ, ಇಲ್ಲವೇ ಎರಡೂ ಕಾಲಿನ ಬಲ ಕುಗ್ಗುತ್ತಿದ್ದರೆ, ಅದು ಕಾಡಾ ಇಕ್ವೈನಾ ನರಗುಚ್ಛದ ಒತ್ತಡವಿರಬಹುದು. ಕೊನೆಯ ಲೋಕಲ್ ಹೋದ ಮೇಲಾದರೂ ಸರಿ, ಟ್ಯಾಕ್ಸಿ ಹಿಡಿದು ನರಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೋಗಿ. ಹಳೆಯ ಎಂಆರ್‌ಐ ಇದ್ದರೆ ಫಿಲ್ಮ್, ಸಿಡಿ ಎರಡನ್ನೂ ಜೊತೆಗೆ ಒಯ್ಯಿರಿ.